ಏಸಿ ಪೆಟ್ಟಿಗೆಗೆ ಹೊಲಿದ ಗವಸು

ನಮ್ಮಕ್ಕನ ಬಟ್ಟೆ ಕತ್ತರಿಯನ್ನು ಅವಳನ್ನು ಬಿಟ್ಟು ಇನ್ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಬೈಯುವುದಿಲ್ಲ, ಬೈಯುವುದು ಅವಳ ಜಾತಕದಲ್ಲೇ ಇಲ್ಲ. ಸುಮ್ಮನೆ ಬಂದು ಕೈಯಿಂದ ಬಿಡಿಸಿಕೊಂಡು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಗೋಡೆಯ ಮೊಳೆಗೆ ತೂಗುಹಾಕುತ್ತಾಳೆ. ಅವಳು ಜೀವಮಾನದಲ್ಲಿ ಹೊಲಿದ ಅತ್ಯಂತ ಚೆಂದದ ಗವಸನ್ನು ಅದೇ ಕತ್ತರಿಯಿಂದ ನಾನು ಚಿಂದಿ ಚಿಂದಿ ಮಾಡಿದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುವ ಮುಂಚೆಯೇ ಬರೆದುಬಿಡುತ್ತೇನೆ, ಇಳಿದ ಮೇಲೆ ನಾನೂ ಎಲ್ಲರ ಹಾಗೆ ಹೋಗಲಿ ಬಿಡು ಅಂದುಬಿಟ್ಟೇನು.

ಅಕ್ಕ ಗವಸು ಹೊಲಿಯುವವಳು. ರವಿಕೆ, ಅಂಗಿ, ಲಂಗ ಇವೆಲ್ಲ ಅವಳ ಕೆಲಸವಲ್ಲ. ದಿಂಬಿನ ಗವಸು, ಹಾಸಿಗೆಯ ಗವಸು, ಸೋಫಾ, ಸ್ಕೂಟರ್ ಸೀಟು, ಹಾರ್ಮೋನಿಯಂ, ಅಂಗಡಿಯ ತಕ್ಕಡಿ, ಏನೇ ತಂದಿಡಿ, ಒಂದು ಸಲ ಸುತ್ತು ಬಂದು ಟೇಪ್ ಹಿಡಿದಳೆಂದರೆ ಆ ವಸ್ತುವಿಗೆ ಅಂಗೈಗೆ ಚರ್ಮ ಕೂತ ಹಾಗೆ ಗವಸು ಕೂರುತ್ತದೆ. ಅವಳ ಮನೆಯಲ್ಲಿ ಬೆತ್ತಲೆ ಇರುವುದು ಒಲೆಯೊಂದೇ. ಟೀವಿಗೆ ಗವಸು, ಫ್ರಿಜ್ಜಿನ ಹಿಡಿಗೆ ಗವಸು, ಮಿಕ್ಸಿಗೆ ಗವಸು, ರಿಮೋಟಿಗೆ ಗವಸು. ಸೋಫಾದ ನಿಜವಾದ ಬಣ್ಣ ಯಾವುದೆಂದು ಅದನ್ನು ಮಾರಿದ ಅಂಗಡಿಯವನಿಗೆ ಮಾತ್ರ ಗೊತ್ತು. ಯಾರಾದರೂ ಅಲ್ಲಾಡದೆ ಜಾಸ್ತಿ ಹೊತ್ತು ಕೂತರೆ, "ಏಳಿ ಏಳಿ, ಅಕ್ಕ ನಿಮ್ಮ ಅಳತೆ ತೊಗೋತಿದ್ದಾಳೆ" ಎಂದು ನಾನು ಛೇಡಿಸುವುದುಂಟು. ಅಕ್ಕ ಅದಕ್ಕೂ ನಗುತ್ತಾಳೆ. ಅವಳಿಗೆ ಬರುವುದು ಎರಡೇ, ಹೊಲಿಗೆ ಮತ್ತು ನಗು.

ಸಿಟ್ಟೆಲ್ಲ ನನ್ನ ಪಾಲಿಗೆ ಬಂದಿದೆ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಹಿಂದೆ ಕೂತು ಕೂದಲು ನರೆಸಿಕೊಂಡವಳು ನಾನು. ಗಾಜಿನಲ್ಲಿ ಒಂದು ತೂತು, ಆ ತೂತಿನೊಳಗೆ ಇಡೀ ಊರು ಬಾಯಿ ಹಾಕಿ ಕೂಗುತ್ತದೆ. ಬಸ್ಸು ತಡವಾದರೆ ನನ್ನ ತಪ್ಪು, ಬೇಗ ಹೊರಟರೂ ನನ್ನ ತಪ್ಪು. ಹಾಗಾಗಿ ಮೂಗಿನ ತುದಿಯಲ್ಲಿ ಒಂದಿಷ್ಟು ಕೋಪ ಸದಾ ಸ್ಟಾಕ್ ಇಟ್ಟುಕೊಂಡಿರುತ್ತೇನೆ. ಭಾವ ನನ್ನನ್ನು ಕರೆಯುವುದೇ ಕೌಂಟರಮ್ಮ ಅಂತ.

ಭಾವನ ಬಗ್ಗೆ ಹೇಳದೆ ವಿಧಿಯಿಲ್ಲ. ಅವರು ಲಾರಿ ಓಡಿಸುತ್ತಿದ್ದವರು. ಮದುವೆಯಾದಾಗಿನಿಂದ ನಿವೃತ್ತಿಯವರೆಗೆ ತಿಂಗಳಲ್ಲಿ ಒಂದಷ್ಟು ದಿನ ಮಾತ್ರ ಮನೆಯಲ್ಲಿ ಕಂಡವರು. "ನಾನು ಹೇರಿದ ಸರಕು ಒಂದು ದಿನ ನೆಂದಿಲ್ಲ, ಬಿಸಿಲಿಗೆ ಒಣಗಿಲ್ಲ" ಎನ್ನುವುದು ಅವರ ಖಾಯಂ ಮಾತು. ಟಾರ್ಪಾಲು ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲವಂತೆ. ಇರಬಹುದು. ಆದರೆ ಮನೆಯಲ್ಲಿ ಬಿಟ್ಟುಹೋದ ಹೆಂಡತಿ ನೆಂದಳೋ ಒಣಗಿದಳೋ ಎಂದು ಅವರು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಲಾರಿ ಬಿಟ್ಟ ಮೇಲೆ ಕೆಳಗಿನ ನಡುಮನೆಯಲ್ಲಿ ಟೀವಿ ಮುಂದೆ ಪಾರ್ಕ್ ಆದರು. ಅಕ್ಕ ಮೇಲಿನ ಕೋಣೆಯಲ್ಲಿ ಮೆಷಿನ್ ತುಳಿಯುತ್ತಾಳೆ. "ಊಟಕ್ಕೆ ಬನ್ನಿ", "ಹೂಂ". ದಿನದ ಸಂಭಾಷಣೆ ಅಲ್ಲಿಗೆ ಮುಕ್ತಾಯ. ಜಗಳವೂ ಇಲ್ಲ. ಜಗಳವಾಡಲು ಕೂಡ ಸ್ವಲ್ಪ ಪರಿಚಯ ಬೇಕಲ್ಲ.

ಆ ಮೇಲಿನ ಕೋಣೆಯೇ ಎಲ್ಲ ರಗಳೆಯ ಮೂಲ. ಮಹಡಿಯ ಮೇಲೆ ನೀರಿನ ತೊಟ್ಟಿಯ ಪಕ್ಕ ಕಟ್ಟಿಸಿದ ಒಂಟಿ ಕೋಣೆ. ಮೇಲೆ ಬರೀ ತೆಳು ಕಾಂಕ್ರೀಟು, ಪಡುವಣ ಗೋಡೆಗೆ ಮಧ್ಯಾಹ್ನದಿಂದ ಮುಳುಗುವವರೆಗೆ ಬಿಸಿಲು. ಬೇಸಿಗೆಯಲ್ಲಿ ಸೂಜಿ ಪೆಟ್ಟಿಗೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಹೋದ ಬೇಸಿಗೆಯಲ್ಲಿ ಅಕ್ಕ ಅಲ್ಲೇ ಮೆಷಿನ್ ಮೇಲೆ ತಲೆಯಿಟ್ಟು ಬಿದ್ದುಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಎಂದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಮೈಗೆ ಹೀಗೆ ಬಿಸಿ ಏರಿದರೆ ನಾನು ಏನೂ ಭರವಸೆ ಕೊಡಕ್ಕಾಗಲ್ಲಮ್ಮ" ಎಂದು ನೇರವಾಗಿ ಹೇಳಿದರು.

"ಕೆಳಗೆ ಕೂತು ಹೊಲಿ" ಎಂದೆ.

"ಕತ್ತರಿಸೋ ಮೇಜು ಮೆಟ್ಟಿಲಲ್ಲಿ ಇಳಿಯಲ್ಲ ಪುಟ್ಟಿ. ನಿಮ್ಮ ಭಾವಂಗೂ ಮೆಷಿನ್ ಸದ್ದು ಆಗಲ್ಲ."

ನಾನು ನಿವೃತ್ತಿಗೆ ಬಂದಿದ್ದರೂ ಅವಳಿಗೆ ಪುಟ್ಟಿಯೇ. ಮೇಜಿನ ಮಾತು ನಿಜ. ಅದನ್ನು ಕೋಣೆಯೊಳಗೇ ಕೂರಿಸಿ ಮಾಡಿಸಿದ್ದು. ಭಾವನ ಕಿವಿಯ ಮಾತು ಕೇಳಿದಾಗ ಮಾತ್ರ ನನಗೆ ಮೈಯೆಲ್ಲ ಉರಿದುಹೋಯಿತು. ಲಾರಿ ಇಂಜಿನ್ನಿನ ಪಕ್ಕ ಮೂವತ್ತು ವರ್ಷ ಕೂತ ಕಿವಿಗೆ ಹೊಲಿಗೆ ಮೆಷಿನ್ ಸದ್ದು ಆಗುವುದಿಲ್ಲವಂತೆ!

ಅದಕ್ಕಿಂತ ಹೆಚ್ಚು ನನ್ನ ಕರುಳು ಹಿಂಡಿದ್ದು ಇನ್ನೊಂದು. ಚಳಿಗಾಲದಲ್ಲಿ ಒಂದು ದಿನ ಹೋಗಿ ಕೂತಿದ್ದೆ. ಶಾಲೆಯ ಮೇಡಂ ಒಬ್ಬರು ಬಂದು, ಮಳೆ ಶುರುವಾಗುವ ಹೊತ್ತಿಗೆ ಹೊಸ ಬೆಂಚುಗಳಿಗೆ ಗವಸು ಬೇಕೆಂದರು. ದೊಡ್ಡ ಕೆಲಸ. ಅಕ್ಕ ನಗುತ್ತಲೇ, "ಬೇಸಿಗೆ ಆದ್ಮೇಲಿಂದು ನನ್ನ ಕೇಳಬೇಡಿ ಮೇಡಂ, ಬೇರೆಯೋರನ್ನ ನೋಡ್ಕೊಳಿ" ಎಂದಳು. ಮನಸ್ಸು ಬದಲಾದರೆ ಇರಲಿ ಅಂತ ಮೇಡಂ ನನ್ನ ಹತ್ತಿರ ನಂಬರ್ ಕೊಟ್ಟು ಹೋದ ಮೇಲೆ, ಯಾಕೆ ಬೇಡವೆಂದೆ ಎಂದು ಕೇಳಿದೆ. "ಒಪ್ಪಿಕೊಂಡ ಮೇಲೆ ಮುಗಿಸಬೇಕಲ್ಲ" ಎಂದಳು. ಯಾವುದೋ ಊರಿಗೆ ಹೊರಟವಳ ಹಾಗೆ, ಅಷ್ಟು ಸಲೀಸಾಗಿ. ನಾನು ಅವಳ ಮೇಲೆ ಕೂಗಾಡಿಬಿಟ್ಟೆ. ಅವಳು ಒಂದು ಲೋಟ ನೀರು ತಂದುಕೊಟ್ಟಳು.

ಅವತ್ತೇ ತೀರ್ಮಾನ ಮಾಡಿದೆ, ಆ ಕೋಣೆಗೆ ಏಸಿ ಹಾಕಿಸಿಯೇ ಸಿದ್ಧ. "ನಾನೊಬ್ಬಳಿಗೆ ಒಂದು ಮೆಷಿನ್ನೇ?" ಎಂದು ಅಕ್ಕ ರಾಗ ಎಳೆದಳು. ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸಿಲು ಏರಿದ ಮೇಲೆ ಮೆಕ್ಯಾನಿಕ್‌ಗಳು ಕೈಗೆ ಸಿಗುವುದಿಲ್ಲ ಎಂದು ಚಳಿ ಇರುವಾಗಲೇ ಕರೆಸಿದೆ. ಬಂದವನು ಸಣಕಲ ಆಳು, ಮಾತು ಕಮ್ಮಿ. ಒಳಗಿನ ಪೆಟ್ಟಿಗೆಯನ್ನು ಬಾಗಿಲ ಮೇಲೆ ಕೂರಿಸಿದ. ಹೊರಗಿನ ಪೆಟ್ಟಿಗೆಯನ್ನು ಕೋಣೆಯ ಹಿಂದೆ, ತೊಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟ. ಇಡೀ ದಿನ ರಜೆ ಹಾಕಿ ಅವನ ಬೆನ್ನಿಗೆ ನಿಂತಿದ್ದೆ.

ಹೊರಡುವಾಗ ಅವನು, "ಮಧ್ಯಾಹ್ನ ಇಲ್ಲಿ ಬಿಸಿಲು ನೇರ ಹೊಡೆಯತ್ತೆ. ಮೇಲೆ ಸ್ವಲ್ಪ ನೆರಳು ಮಾಡ್ಸಿ, ಇದಕ್ಕೂ ಹಗುರ ಆಗತ್ತೆ" ಎಂದ. ನಾನು ಶೀಟು ಹೊದಿಸುವವನನ್ನು ನೋಡುತ್ತೇನೆ ಎಂದೆ. ಮೆಟ್ಟಿಲ ಬಾಯಲ್ಲಿ ನಿಂತಿದ್ದ ಭಾವ, "ಅದನ್ನ ನನಗೆ ಬಿಡಿ ಕೌಂಟರಮ್ಮ. ನೆರಳು ಮಾಡೋದು ನನಗೆ ಹೇಳಿಕೊಡಬೇಕಾ?" ಎಂದರು. ಜೀವಮಾನದಲ್ಲಿ ಮೊದಲ ಸಲ ಮನೆಗೆ ಸಂಬಂಧಪಟ್ಟ ಕೆಲಸವೊಂದಕ್ಕೆ ತಾವಾಗಿ ಕೈ ಎತ್ತಿದ್ದಾರೆ, ಬೇಡವೆನ್ನಲು ನನಗೇನು ಹುಚ್ಚೇ? ಸರಿ ಎಂದೆ.

ಮಿಕ್ಕಿದ್ದನ್ನು ನಾನೇ ನಿಂತು ಮಾಡಿಸಿದೆ. ಮಹಡಿಗೆ ಎರಡು ಕೈ ಸುಣ್ಣ ಬಳಿಸಿದೆ. ಪಡುವಣ ಕಿಟಕಿಗೆ ದಪ್ಪ ಪರದೆ ಅಕ್ಕನ ಕೈಯಿಂದಲೇ ಹೊಲಿಸಿದೆ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ. ಹೊಲಿಗೆ ಕೋಣೆಯಲ್ಲಿ ದಾರದ ನೂಲು, ಹತ್ತಿಯ ಧೂಳು ಜಾಸ್ತಿ ಎಂದು ಏಸಿಯ ಜಾಳಿಗೆಯನ್ನು ಬಿಚ್ಚಿ ನಲ್ಲಿಯಡಿ ತೊಳೆಯುವುದನ್ನು ಅಕ್ಕನಿಗೆ ಹೇಳಿಕೊಟ್ಟೆ. ಒಂದು ಬೆಳಿಗ್ಗೆ ಹಾಕಿ ನೋಡಿದೆವು. ಐದು ನಿಮಿಷಕ್ಕೆ ಅಕ್ಕ ಸೆರಗು ಹೊದ್ದುಕೊಂಡು, "ಅಯ್ಯೋ, ನಡುಕ ಬರತ್ತೆ ಕಣೇ" ಎಂದಳು. ನನಗೆ ಕೇಳಬೇಕಾಗಿದ್ದದ್ದು ಆ ಮಾತೇ. ಇನ್ನು ಬರಲಿ ಬೇಸಿಗೆ, ಒಂದು ಕೈ ನೋಡೇಬಿಡೋಣ ಎಂದುಕೊಂಡು ಬಸ್ಸು ಹತ್ತಿದೆ.

ಬೇಸಿಗೆ ಬಂತು. ಬರೀ ಬೇಸಿಗೆಯಲ್ಲ, ಬಿಸಿಗಾಳಿ. ಮಧ್ಯಾಹ್ನ ಹೊರಗೆ ಬರಬೇಡಿ ಎಂದು ರೇಡಿಯೋ ಬಡಿದುಕೊಳ್ಳುತ್ತಿತ್ತು. ನಿಲ್ದಾಣದಲ್ಲಿ ಟಾರು ಕರಗಿ ಜನರ ಚಪ್ಪಲಿ ಕಚ್ಚಿಕೊಳ್ಳುತ್ತಿತ್ತು. ಕೌಂಟರಿನ ಮುಂದೆ ಇಬ್ಬರು ತಲೆ ತಿರುಗಿ ಬಿದ್ದರು, ಬಸ್ಸುಗಳು ಅರ್ಧಕ್ಕರ್ಧ ರದ್ದಾದವು, ಉಗುಳು ಬೈಗುಳ ಎಲ್ಲ ಗಾಜಿನ ತೂತಿನಿಂದ ನನ್ನ ಮೇಲೆ. ರಜೆ ಎಂಬ ಶಬ್ದವನ್ನೇ ಮೇಲಧಿಕಾರಿ ಮರೆತಿದ್ದ. ನಾನು ಬಿಡುವು ಸಿಕ್ಕಾಗಲೆಲ್ಲ ಅಕ್ಕನಿಗೆ ಫೋನ್ ಮಾಡುತ್ತಿದ್ದೆ.

"ತಣ್ಣಗಿದೆಯೇನೇ?"

"ಹೂಂ, ತಣ್ಣಗಿದೆ."

"ಏಸಿ ಹಾಕಿದ್ದೀಯಾ?"

"ಹಾಕಿದೀನಿ ಮಾರಾಯ್ತಿ. ನೀನು ನೀರು ಕುಡಿ."

ಮೂರನೆಯ ದಿನ ಅವಳ "ತಣ್ಣಗಿದೆ" ನನಗೇಕೋ ಸರಿ ಕಾಣಲಿಲ್ಲ. ನಾಲಗೆ ಎಳೆದಂತಿತ್ತು. ಹಿಂದೆ ಏಸಿಯ ಗುಂಯ್ ಸದ್ದೂ ಕೇಳಲಿಲ್ಲ. ಅವಳು ಹೆರಿಗೆ ನೋವಿನಲ್ಲೂ ಏನಿಲ್ಲ ಏನಿಲ್ಲ ಎಂದವಳು ಎಂಬುದು ಆಗ ನೆನಪಾಯಿತು. ಕೌಂಟರಿಗೆ ಹಲಗೆ ಇಳಿಸಿದೆ. ಸಾಲಿನಲ್ಲಿದ್ದವರು ಕೂಗಿದರು. "ಕೂಗಿ, ಗಂಟಲು ಹರಿಯೋ ಹಾಗೆ ಕೂಗಿ!" ಎಂದು ನಾನೂ ಕೂಗಿ ಹೊರಟುಬಿಟ್ಟೆ.

ಭಾವ ನಡುಮನೆಯಲ್ಲಿ ಬನಿಯನ್ ಎತ್ತಿಕೊಂಡು ಫ್ಯಾನಿನಡಿ ಕೂತಿದ್ದರು. ಅವರನ್ನು ದಾಟಿ ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ಮುಖಕ್ಕೆ ಬೇಕರಿಯ ಒಲೆಯ ಬಿಸಿ ಹೊಡೆಯಿತು. ಕಿಟಕಿಗೆ ಪರದೆ ಇದೆ, ಬಾಗಿಲಿಗೆ ರಬ್ಬರ್ ಇದೆ, ನಾನು ಮಾಡಿಸಿದ ಬಂದೋಬಸ್ತೆಲ್ಲ ಸೇರಿ ಬಿಸಿಯನ್ನು ಒಳಗೇ ಕೂಡಿಹಾಕಿದೆ. ಅಕ್ಕ ಮೆಷಿನ್ ಮುಂದೆ ಕೂತಿದ್ದಳು. ಬಟ್ಟೆಯೆಲ್ಲ ಮೈಗಂಟಿತ್ತು, ಮುಖ ಕೆಂಪೇರಿತ್ತು, ಕಾಲು ಮಾತ್ರ ತುಳಿಯುತ್ತಲೇ ಇತ್ತು. ಸೂಜಿಯಡಿಯ ಬಟ್ಟೆ ನೋಡಿದೆ. ಹೊಲಿಗೆ ಅಂಚು ಬಿಟ್ಟು ಸೊಟ್ಟಪಟ್ಟ ಓಡಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅಕ್ಕನ ಸೊಟ್ಟ ಹೊಲಿಗೆ ನಾನು ಕಂಡದ್ದು ಅದೊಂದೇ.

"ಇದೇನೇ ಇದು?"

"ತಣ್ಣಗಿದೆ ಪುಟ್ಟಿ," ಎಂದಳು. ನನ್ನ ಕಡೆ ನೋಡದೆ, ಗೋಡೆಗೆ ಹೇಳಿದಳು.

ನನ್ನ ಕೂಗಿಗೆ ಭಾವ ಓಡಿಬಂದರು. ಇಬ್ಬರೂ ಸೇರಿ ಅವಳನ್ನು ಎತ್ತಿಕೊಂಡೇ ಇಳಿಸಿದೆವು. ಬೀದಿ ತುದಿಯ ಕ್ಲಿನಿಕ್ಕಿನ ನರ್ಸಮ್ಮ ಬಂದು ಡ್ರಿಪ್ ಹಾಕಿದರು, ಒದ್ದೆ ದುಪ್ಪಟಿ ಹೊದಿಸಿ ಫ್ಯಾನ್ ತಿರುಗಿಸಿದರು, ಕಂಕುಳಿಗೆ ಐಸ್ ಇಟ್ಟರು. "ಇನ್ನರ್ಧ ಗಂಟೆ ಬಿಟ್ಟಿದ್ರೆ ನಾನು ಬಂದೂ ಪ್ರಯೋಜನ ಇರ್ಲಿಲ್ಲ" ಎಂದರು. ಸ್ವಲ್ಪ ಹೊತ್ತಿಗೆ ಅಕ್ಕನ ತೇಲುತ್ತಿದ್ದ ಕಣ್ಣು ಒಂದು ಕಡೆ ನಿಂತಿತು, ನನ್ನ ಹೆಸರು ಹಿಡಿದು ಕರೆದಳು. ಮೈಬಿಸಿ ಇಳಿಯುತ್ತಿದೆ, ಆಸ್ಪತ್ರೆಗೆ ಹೊತ್ತೊಯ್ಯುವುದು ಬೇಡ, ಆದರೆ ತಂಪಾದ ಕೋಣೆ ಆಗಲೇಬೇಕು ಎಂದರು ನರ್ಸಮ್ಮ.

ತಂಪಾದ ಕೋಣೆ! ನಾನು ಭಾವನ ಕಡೆ ತಿರುಗಿದೆ. "ಏಸಿಗೆ ಏನಾಯ್ತು?"

"ಏನೂ ಆಗಿಲ್ಲ. ಸ್ವಲ್ಪ ಓಡತ್ತೆ, ನಿಂತ್ಕೊಳ್ಳತ್ತೆ. ಇಂಜಿನ್ ಕಾದರೆ ರೆಸ್ಟ್ ಕೊಡಬೇಕಮ್ಮ. ಘಾಟಿ ಹತ್ತಿಸುವಾಗ ನಾವು ಹಾಗೇ ಮಾಡ್ತಿದ್ವಿ. ಅವಳಿಗೂ ಹೇಳಿದೀನಿ, ಬಲವಂತ ಮಾಡಬೇಡ ಅಂತ."

ಹಲ್ಲು ಕಡಿದುಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ನಾಲ್ಕು ತಿಂಗಳೂ ಆಗದ ಮೆಷಿನ್ ಹಾಕಿ ನಮ್ಮಕ್ಕನನ್ನು ಸಾಯಿಸಲು ಹೊರಟಿದ್ದೀಯಾ ಎಂದು ಶುರುಮಾಡಿ, ಅವನ ಕಂಪನಿ, ಅವನ ಅಂಗಡಿ, ಅವನ ವಂಶ, ಯಾರನ್ನೂ ಬಿಡಲಿಲ್ಲ. ಅವನು ಪೂರ್ತಿ ಕೇಳಿಸಿಕೊಂಡು, "ಹೊರಗಿನ ಪೆಟ್ಟಿಗೆ ಹತ್ರ ಹೋಗಿ. ಅದರ ಫ್ಯಾನ್ ತಿರುಗ್ತಿದ್ಯಾ ನೋಡಿ ಹೇಳಿ" ಎಂದ.

ಫೋನ್ ಹಿಡಿದುಕೊಂಡೇ ಮಹಡಿ ಹತ್ತಿ ತೊಟ್ಟಿಯ ಹಿಂದಿನ ಸಂದಿಗೆ ನುಗ್ಗಿದೆ. ಫ್ಯಾನ್ ಕಾಣಲಿಲ್ಲ. ಪೆಟ್ಟಿಗೆಯೇ ಕಾಣಲಿಲ್ಲ.

ಅಲ್ಲಿ ನಿಂತಿದ್ದದ್ದು ಒಂದು ಗವಸು. ಬೂದು ಬಣ್ಣದ ಟಾರ್ಪಾಲು, ಒಳಗೆ ಸ್ಪಂಜಿನ ಪದರ, ಅಂಚಿಗೆ ಬಿಳಿ ಪಟ್ಟಿ. ಮೇಲಿನಿಂದ ಕೆಳಗಿನವರೆಗೆ, ನಾಲ್ಕೂ ಕಡೆ, ಒಂದು ಸುಕ್ಕಿಲ್ಲದೆ ಕೂತಿತ್ತು. ಪೈಪ್ ಹೊರಬರುವ ಕಡೆ ಅಳತೆಗೆ ಸರಿಯಾಗಿ ಪುಟ್ಟ ತೋಳು. ಸ್ಟ್ಯಾಂಡಿನ ಕಾಲಿಗೆ ಲಾರಿಯವರ ಗಂಟು ಹಾಕಿ ಬಿಗಿದ ಹಗ್ಗ. ಕುತ್ತಿಗೆಯ ಹತ್ತಿರ ಸಾಲಾಗಿ ಪಿತ್ತಾಳೆಯ ಪುಟ್ಟ ಪುಟ್ಟ ಕಣ್ಣುಗಳು, ಪಾಪ, ಉಸಿರಾಡಲಿ ಅಂತ! ಬಿಸಿಗಾಳಿ ಉಗುಳಬೇಕಾದ ಪೆಟ್ಟಿಗೆಗೆ ಈ ಗಂಡ ಹೆಂಡತಿ ಸೇರಿ ಚಳಿಗಾಲದ ಕೋಟು ತೊಡಿಸಿ ಬಿಸಿಲಿಗೆ ನಿಲ್ಲಿಸಿದ್ದರು.

"ಮುಚ್ಚಿದಾರೆ" ಎಂದೆ ಫೋನಿಗೆ.

"ಏನನ್ನ?"

"ಎಲ್ಲಾನೂ."

ಅವನು, "ಸ್ವಿಚ್ ಆರಿಸಿ. ಮೊದಲು ಅದನ್ನ ತೆಗೀರಿ. ಆರಿದ ಮೇಲೆ ಹಾಕಿ, ಓಡತ್ತೆ. ನೆರಳು ಅಂದ್ರೆ ಮೇಲೆ ಮಾತ್ರ ಅಮ್ಮ. ಸುತ್ತ ಬಯಲಿರಬೇಕು" ಎಂದ.

ಸ್ವಿಚ್ಚೇನೋ ಆರಿಸಿದೆ. ಹಗ್ಗ ಎಳೆದೆ, ಬರಲಿಲ್ಲ. ಆ ಗಂಟು ನನ್ನ ಉಗುರಿಗೆ ಬಗ್ಗುವಂಥದ್ದಲ್ಲ. ಸಿಟ್ಟು ನೆತ್ತಿಗೇರಿತು. ಕೋಣೆಗೆ ನುಗ್ಗಿ ಮೊಳೆಯಲ್ಲಿದ್ದ ಕತ್ತರಿ ಕಿತ್ತುಕೊಂಡು ಬಂದು ಗವಸಿನ ಎದೆಗೇ ಚುಚ್ಚಿದೆ. ಬಿಳಿ ಪಟ್ಟಿ ಸೀಳಿದೆ, ಸ್ಪಂಜು ಬಗೆದೆ, ಪಿತ್ತಾಳೆಯ ಕಣ್ಣುಗಳು ಠಣಠಣ ಉದುರಿದವು. ಭಾವ ಏದುಸಿರು ಬಿಡುತ್ತ ಮೇಲೆ ಬಂದರು.

"ಅಯ್ಯೋ ಅಯ್ಯೋ, ಏನು ಮಾಡ್ತಿದೀರಿ! ಅಳತೆ ನಂದು, ಹೊಲಿಗೆ ಅವಳದ್ದು, ಒಂದು ವಾರ ಕೂತಿದೀವಿ ಅದಕ್ಕೆ!"

"ನೆರಳು ಮಾಡಿ ಅಂದ್ರೆ ಉಸಿರು ಕಟ್ಟಿಸಿದೀರಲ್ಲ ಭಾವ! ಇದೇನು ಅಕ್ಕಿ ಮೂಟೆನಾ?"

"ನೆರಳು ಅಂದ್ರೆ ಟಾರ್ಪಾಲೇ ಅಲ್ವಾ..." ಎಂದರು. ಧ್ವನಿ ಕುಸಿದಿತ್ತು. ಆಮೇಲೆ ಬಂದು ಎರಡು ಬೆರಳಲ್ಲಿ ಆ ಗಂಟುಗಳನ್ನು ಸರಕ್ ಸರಕ್ಕೆಂದು ಬಿಚ್ಚಿದರು. ಚಿಂದಿಗಳನ್ನು ಬಾಚಿಕೊಂಡು ಕೆಳಗಿಟ್ಟು ಪೆಟ್ಟಿಗೆಯನ್ನು ಮುಟ್ಟಿ ನೋಡಿ ಕೈ ಹಿಂದೆಗೆದರು. ಅವರ ಮುಖ ನೋಡಿದೆ. ನನ್ನ ಬಾಯಲ್ಲಿ ಇನ್ನೂ ಬೇಕಾದಷ್ಟು ಮಾತಿತ್ತು, ಆದರೆ ಆಡಲಿಲ್ಲ. ಮದುವೆಯಾದ ಮೇಲೆ ಇವರಿಬ್ಬರೂ ಒಂದು ವಾರ ಒಂದೇ ಕೋಣೆಯಲ್ಲಿ ಕೂತು ಒಂದೇ ಕೆಲಸ ಮಾಡಿದ್ದು ಇದಕ್ಕೇನಾ, ಆ ಕೆಲಸವೇ ಇವಳನ್ನು ಕೊಲ್ಲಬೇಕಾ ಎಂದು ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು ಬಂದು ಕಣ್ಣು ಉರಿಯಿತು.

ಪೆಟ್ಟಿಗೆ ಆರಿದ ಮೇಲೆ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಬಿಸಿಗಾಳಿ ನಮ್ಮಿಬ್ಬರ ಮುಖಕ್ಕೂ ಉಗಿಯಿತು. ಸಂಜೆಯ ಹೊತ್ತಿಗೆ ಕೋಣೆ ತಣ್ಣಗಾಯಿತು. ಕತ್ತರಿಸುವ ಮೇಜಿನ ಪಕ್ಕ ಹಾಸಿಗೆ ಹಾಸಿ ಅಕ್ಕನನ್ನು ಮಲಗಿಸಿದೆವು. ಭಾವ ಕೆಳಗೆ ಹೋಗಲಿಲ್ಲ, ಬಾಗಿಲಿಗೆ ಒರಗಿ ಕೂತರು. ಕೆಳಗೆ ಟೀವಿ ಒಂದೇ ಸಮನೆ ತನಗೆ ತಾನೇ ಮಾತಾಡುತ್ತಿತ್ತು.

ಅಕ್ಕ ಎಚ್ಚರವಾದಾಗ ಮೊದಲು ನೋಡಿದ್ದು ಮೇಜಿನ ಮೇಲಿದ್ದ ಚಿಂದಿಗಳನ್ನು. ಕೈ ಚಾಚಿದಳು. ಒಂದು ತುಂಡು ಕೊಟ್ಟೆ. ಸೀಳಿದ ಅಂಚನ್ನು ಬೆರಳಲ್ಲಿ ಸವರಿದಳು.

"ಯಾವ ಕತ್ತರಿ?" ಎಂದಳು.

ನಾನು ಕಿಟಕಿಯ ಪರದೆ ಸರಿಮಾಡತೊಡಗಿದೆ.

"ನನ್ನ ಕತ್ತರೀಲಾ? ಪಿತ್ತಾಳೆ ಮೇಲೆ ನನ್ನ ಕತ್ತರಿ ಆಡಿಸ್ದ್ಯಾ?" ಮೊಣಕೈ ಊರಿ ಎದ್ದಳು. "ಜಿಪ್ ಇತ್ತಲ್ಲೇ ಹಿಂದುಗಡೆ! ಎಳೆದಿದ್ರೆ ಬಿಚ್ಕೊಳ್ತಿತ್ತಲ್ಲೇ! ಕಣ್ಣೇನು ಬಸ್ ಸ್ಟ್ಯಾಂಡಲ್ಲಿ ಬಿಟ್ಟು ಬಂದಿದ್ಯಾ?"

"ಗುಂಡಿ ಬೇಡ, ಜಿಪ್ ಹಾಕು ಅಂತ ನಾನೇ ಹೇಳಿದ್ದು" ಎಂದರು ಭಾವ ಬಾಗಿಲಿಂದ.

"ಇವರೇ ಹೇಳಿದ್ದು! ಅದನ್ನ ಕೂರಿಸೋಕೆ ಎರಡು ದಿನ ಹಿಡೀತು ನಂಗೆ!"

"ನೀನು ಸತ್ತೇ ಹೋಗ್ತಿದ್ದೆ ಅಕ್ಕ!" ಎಂದು ನಾನೂ ಕಿರುಚಿದೆ.

"ಸಾಯ್ತಿದ್ರೆ ಸಾಯ್ತಿದ್ದೆ, ಅದಕ್ಕೆ ಕತ್ತರಿ ಯಾಕೆ ಹಾಳ್ಮಾಡ್ದೆ? ಏನೇ ಮಾಡಿದ್ರೂ ಹರಿಯೋದು, ಕಿರುಚೋದು! ಸ್ವಲ್ಪ ಹಿಂದೆ ಮುಂದೆ ನೋಡಬಾರದಾ?"

"ಅದೇ ನಾನೂ ಅಂದೆ" ಎಂದರು ಭಾವ.

ಗಂಡ ಹೆಂಡತಿ ಒಂದು ಪಕ್ಷ, ನಾನೊಬ್ಬಳು ಇನ್ನೊಂದು ಪಕ್ಷ. ಜೀವ ಉಳಿಸಿದ್ದಕ್ಕೆ ಸಿಕ್ಕ ಮರ್ಯಾದೆ ಇದು. ಬೈಗುಳ ನನಗೆ ಹೊಸದಲ್ಲ, ಆದರೆ ಅಕ್ಕನ ಬಾಯಿಂದ ಬರುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳ ಕೆನ್ನೆ ಮತ್ತೆ ಕೆಂಪಾಗಿತ್ತು, ಈ ಸಲ ಬಿಸಿಲಿಗಲ್ಲ. ಭಾವ ಎದ್ದು ಹೋಗಿ ಕತ್ತರಿ ತಂದು ಅವಳ ಕೈಗೆ ಕೊಟ್ಟರು. ಅವಳು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಒಂದು ಕಡೆ ತಡೆಯಿತು, ನನ್ನನ್ನು ದುರುಗುಟ್ಟಿ ನೋಡಿದಳು.

"ಬೇಸಿಗೆ ಮುಗೀಲಿ," ಎಂದಳು. "ಮಳೆಗಾಲಕ್ಕೆ ಆ ಪೆಟ್ಟಿಗೆಗೆ ಹೇಗೂ ಗವಸು ಬೇಕು. ಮೊದಲಿಂದ ಹೊಲೀತೀನಿ. ಈ ಸಲ ನೀನೇ ರಜಾ ಹಾಕಿ ಬಂದು ಟೇಪ್ ಹಿಡ್ಕೋಬೇಕು. ತಪ್ಪಿಸ್ಕೊಂಡ್ಯೋ, ನೋಡು!"

"ಹಿಡ್ಕೋತೀನಿ," ಎಂದೆ.

"ಬೆಂಚಿನ ಗವಸು ಕೇಳಿದ್ರಲ್ಲ, ಆ ಶಾಲೆ ಮೇಡಂ ನಂಬರ್ ಇದ್ಯಾ ನಿನ್ನ ಹತ್ರ?"

ಇದೆ ಎಂದೆ. ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ನಾನು ಹೊರಗೆ ಬಂದು ಸುಣ್ಣ ಬಳಿದ ಮಹಡಿಯ ಮೇಲೆ, ಆ ಪೆಟ್ಟಿಗೆಯ ಬಿಸಿಗಾಳಿಗೆ ಮುಖ ಕೊಟ್ಟು ನಿಂತು, ಯಾರಿಗೂ ಕೇಳಿಸದ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.